ಮಾವನವರ ವಿಮಾನಕ್ಕೆ ಬಿಗಿದ ದಾರ

ಕೆಲವರ ಕೈಗೆ ಸೊಟ್ಟಗಿದ್ದದ್ದನ್ನು ಕೊಟ್ಟರೂ ನೆಟ್ಟಗಾಗುತ್ತದೆ. ನನ್ನ ಕೈಯ ಗುಣ ಇದಕ್ಕೆ ಉಲ್ಟಾ. ವಿನಯಕ್ಕೆ ಹೇಳುತ್ತಿಲ್ಲ, ಬೇಕಾದರೆ ನನ್ನ ಹೆಂಡತಿ ಗಿರಿಜಾಳನ್ನು ಕೇಳಿ. ನಾನು ಗೋಡೆಗೆ ಮೊಳೆ ಹೊಡೆಯಲು ಎದ್ದರೆ ಆಕೆ ಮೊದಲು ಅಯೋಡಿನ್ ಬಾಟಲಿ ಹುಡುಕುತ್ತಾಳೆ. ಇಂಥ ನನಗೆ ನಮ್ಮ ಮಾವನವರು ಒಂದು ವಿಮಾನ ಒಪ್ಪಿಸಿಬಿಟ್ಟರು.

ಗಾಬರಿಯಾಗಬೇಡಿ, ಮೊಳದುದ್ದದ ಮಾದರಿ ವಿಮಾನ. ಮಾವನವರು ವಾಯುಸೇನೆಯಲ್ಲಿ ಮೆಕ್ಯಾನಿಕ್ ಆಗಿದ್ದು, ರಿಟೈರಾಗಿ ಬಸವನ ಬಾಗೇವಾಡಿಯಲ್ಲಿದ್ದವರು. ಹಳೆಯ ಕಾಲದ, ಒಂದರ ಮೇಲೊಂದು ರೆಕ್ಕೆ ಇರುವ ವಿಮಾನವನ್ನು ಕಟ್ಟಿಗೆ ಪಟ್ಟಿ, ತೆಳು ಕಾಗದಗಳಿಂದ ಎರಡು ವರ್ಷ ಕೂತು ಮಾಡಿದ್ದರು. ಎರಡು ರೆಕ್ಕೆಗಳ ನಡುವೆ ತಂತಿಯ ಬದಲು ಕರಿ ದಾರ ಬಿಗಿಯುವುದೊಂದೇ ಬಾಕಿ. ಅಷ್ಟರಲ್ಲಿ ಅವರ ಕೈ ನಡುಗತೊಡಗಿತು. ಬಸ್ಸು ಹತ್ತಿ ಸಿಂದಗಿಗೆ ಬಂದವರೇ ಅದನ್ನು ನನ್ನ ಮೇಜಿನ ಮೇಲಿಟ್ಟು, "ಅಳಿಯಂದ್ರ, ದಾರ ಅಷ್ಟ ಉಳದಾವ. ಬರೋ ಐತವಾರ ಬಂದು ಒಯ್ತೇನಿ" ಎಂದರು.

ದಾರ ಅಷ್ಟೇ ಅಂತೆ! ಒಂದು ದಾರ ಜಾಸ್ತಿ ಎಳೆದರೆ ರೆಕ್ಕೆ ತಿರುಚುತ್ತದೆ, ಕಡಿಮೆಯಾದರೆ ಜೋತು ಬೀಳುತ್ತದೆ. "ಅಪ್ಪ ಅದನ್ನ ಅವ್ವಗೂ ಮುಟ್ಟಗೊಟ್ಟಿಲ್ಲ, ಹುಷಾರ್ರಿ" ಎಂದು ಗಿರಿಜಾ ಬೇರೆ ಹೆದರಿಸಿದಳು. ಕಚೇರಿಯಲ್ಲಿ ಫೈಲು ಕಟ್ಟುವ ದಾರ ಕಂಡರೂ ಎದೆ ಧಸಕ್ಕೆನ್ನುತ್ತಿತ್ತು. ಸಾಲದ್ದಕ್ಕೆ ಮಾವನವರು ದಿನಾ ಸಂಜೆ ನಮ್ಮ ಪಕ್ಕದ ಮನೆಗೆ ಫೋನು ಮಾಡುವರು. ಆ ಮನೆಯ ಕಾಕಾ ಇಡೀ ಓಣಿಗೆ ಕೇಳುವಂತೆ, "ನಿಮ್ಮ ಮಾವಾರು ಇಮಾನ ಎಲ್ಲಿಗಿ ಬಂತು ಅಂತ ಕೇಳಾಕತ್ತಾರ್ರಿ!" ಎಂದು ಕೂಗುವರು.

ಕೊನೆಗೆ ನನಗೊಂದು ಉಪಾಯ ಹೊಳೆಯಿತು. ಹೊಳೆಯಬಾರದಿತ್ತು. ನಮ್ಮ ಕಡೆ ಹೊರಸಿನ, ಅಂದರೆ ಹಗ್ಗದ ಮಂಚದ, ಹಗ್ಗ ಸಡಿಲಾದರೆ ಕಾಲದೆಸೆಯಲ್ಲಿ ಕೂತು, ಹಗ್ಗವನ್ನು ಸಾಲುಸಾಲಾಗಿ ಜಗ್ಗುತ್ತ ಹೋಗುತ್ತೇವೆ. ಒಂದೇ ಹಗ್ಗವಾದ್ದರಿಂದ ಇಡೀ ಹೊರಸು ಬಿಗಿಯಾಗುತ್ತದೆ. ನನಗೆ ಬರುವ ಕೈಕೆಲಸ ಅದೊಂದೇ. ವಿಮಾನಕ್ಕೂ ಹಾಗೆಯೇ ಒಂದೇ ದಾರವನ್ನು ರೆಕ್ಕೆಗಳ ಎಲ್ಲ ತೂತುಗಳಲ್ಲೂ ಪೋಣಿಸಿ, ತುದಿ ಹಿಡಿದು ಜಗ್ಗಿದೆ. ಕಟ್ಟಿಗೆ ಕಿರ್ ಎಂದಿತು. ಮೇಲಿನ ರೆಕ್ಕೆ ಒಂದು ಕಡೆ ಬಾಗಿ ಕೆಳಗಿನದಕ್ಕೆ ಮುತ್ತಿಡಲು ಹೊರಟಿತು.

"ಅಯ್ಯ ನಮ್ಮವ್ವ! ಇಮಾನಕ್ಕ ಲಕ್ವಾ ಹೊಡೀತಲ್ರಿ!" ಎಂದು ಗಿರಿಜಾ ಓಡಿ ಬಂದಳು.

ಮುದುಕನ ಎರಡು ವರ್ಷದ ಕೆಲಸವನ್ನು ಮುರಿದೆನಲ್ಲ ಎಂದು ಅಳುವುದೊಂದು ಬಾಕಿ. ಪುಣ್ಯಕ್ಕೆ ರೆಕ್ಕೆ ಬಾಗಿತ್ತು, ಮುರಿದಿರಲಿಲ್ಲ. ದಾರ ಕತ್ತರಿಸಿದ ಮೇಲೆ ಗಿರಿಜಾ ಎರಡೂ ರೆಕ್ಕೆ ಹಿಡಿದು ನಿಂತಳು. ನಾನು ಉಸಿರು ಬಿಗಿಹಿಡಿದು ಒಂದೊಂದೇ ದಾರವನ್ನು ಬೇರೆ ಬೇರೆಯಾಗಿ ಕಟ್ಟಿದೆ. ನಡುವೆ ಆಕೆಗೆ ಸೀನು ಬಂತು. ಆಕೆ ಅದನ್ನು ನುಂಗಿದ ರೀತಿಗೆ ನಾನು ಜನ್ಮಪೂರ್ತಿ ಋಣಿ.

ಐತವಾರ ಮಾವನವರು ಬಂದರು. ವಿಮಾನವನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು. ನೋಡಿದರು, ನೋಡುತ್ತಲೇ ಇದ್ದರು.

"ಅಡ್ಡಿಯಿಲ್ಲ" ಎಂದರು. ನಮ್ಮ ಕಡೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಆಮೇಲೆ ಮೆಲ್ಲಗೆ, "ಇದು ಮುಗೀತೈತಿ ಅನ್ನೋ ಆಸೆ ನಾ ಬಿಟ್ಟಿದ್ದೆ" ಎಂದಾಗ ಅವರ ಕಣ್ಣು ಒದ್ದೆಯಾಗಿತ್ತು. ನನಗೂ ಒಂಥರಾ ಆಯಿತು. ಅದೇ ಹುರುಪಿನಲ್ಲಿ ವಿಮಾನವನ್ನು ನಾನೇ ತೊಡೆಯ ಮೇಲೆ ಇಟ್ಟುಕೊಂಡು ಅವರೊಂದಿಗೆ ಬಾಗೇವಾಡಿ ಬಸ್ಸು ಹತ್ತಿದೆ.

ದೇವರ ಹಿಪ್ಪರಗಿ ದಾಟಿದ ಮೇಲೆ ಕಂಡಕ್ಟರ್ ಟಿಕೆಟ್ ಕೊಡುವುದು ಬಿಟ್ಟು ವಿಮಾನ ನೋಡುತ್ತ ನಿಂತ. "ಭಾಳ ಚಂದ ಐತ್ರಿ. ಯಾರು ಮಾಡ್ಯಾರ್ರಿ?"

"ನಾನ ಮಾಡೇನಿ" ಎಂದರು ಮಾವನವರು.

"ದಾರಾನೂ ನೀವ ಕಟ್ಟೀರೇನ್ರಿ?"

"ಮತ್ತ? ದಾರ ಕಟ್ಟೋದ ಖರೇ ಕೆಲಸ."

ನಾನು ಕಿಟಕಿಯ ಹೊರಗೆ ಜೋಳದ ಹೊಲ ನೋಡತೊಡಗಿದೆ. ಹೋಗಲಿ, ಹಿರಿಯರು. ಕಂಡಕ್ಟರ್ ಇನ್ನಷ್ಟು ಬಗ್ಗಿ, "ಇಲ್ಲೊಂದು ದಾರ ಸಡ್ಲ ಆಗೈತಲ್ರಿ?" ಎಂದ.

ಮಾವನವರು ಕನ್ನಡಕ ಸರಿಪಡಿಸಿಕೊಂಡು ನೋಡಿದರು.

"ಅದು ನಮ್ಮ ಅಳಿಯಂದ್ರು ಕಟ್ಟಿದ್ದು."

ಕಂಡಕ್ಟರ್ ನನ್ನ ಕಡೆ ತಿರುಗಿದ. ಏನು ಮಾಡಲಿ, ಅದಂತೂ ಸುಳ್ಳಲ್ಲವಲ್ಲ. ಹಲ್ಲು ಕಿರಿದು ನಮಸ್ಕಾರ ಮಾಡಿದೆ.