ಪೈಲಟ್ ಎಲ್ಲಿ ಉಣ್ಣುತ್ತಾನೆ?

ಗೋವಾಕ್ಕೆ ಬಂದರೆ ಎಲ್ಲಿ ಉಣ್ಣಬೇಕು, ಎಲ್ಲಿ ಗೋಡಂಬಿ ಕೊಳ್ಳಬೇಕು ಅನ್ನುವುದನ್ನು ನೀವೇ ತೀರ್ಮಾನ ಮಾಡುತ್ತೀರಿ ಅಂದುಕೊಂಡಿದ್ದರೆ, ಒಂದು ದಿನ ನನ್ನ ಗಾಡಿಯ ಹಿಂದೆ ಕುಳಿತು ನೋಡಿ. ನಾನು ವಾಸ್ಕೋದಲ್ಲಿ ಪೈಲಟ್. ವಿಮಾನದ್ದಲ್ಲ, ಮೋಟಾರ್ ಸೈಕಲ್ಲಿನದು. ಬಾಡಿಗೆಗೆ ಬೈಕ್ ಓಡಿಸುವವನನ್ನು ಇಲ್ಲಿ ಹಾಗೇ ಕರೆಯುತ್ತಾರೆ. ಗಿರಾಕಿ ತಂದರೆ ಇಷ್ಟು ಕಮಿಷನ್ ಅಂತ ನಮಗೂ ಅಂಗಡಿಯವರಿಗೂ ನಡುವೆ ಒಂದು ಒಪ್ಪಂದ ಇದ್ದೇ ಇರುತ್ತದೆ. ಅದು ಊರಿಗೆಲ್ಲ ಗೊತ್ತು, ಹಿಂದೆ ಕುಳಿತ ಗಿರಾಕಿಗೆ ಮಾತ್ರ ಗೊತ್ತಿಲ್ಲ. ಇಷ್ಟು ವರ್ಷವಾದರೂ ವಾರಕ್ಕೊಂದು ಹೊಸ ತಮಾಷೆ ಕಣ್ಣಿಗೆ ಬೀಳುತ್ತಲೇ ಇದೆ.

ಕಳೆದ ವರ್ಷ ಇದರಲ್ಲಿ ನನ್ನ ಮನೆಯೇ ಸಿಕ್ಕಿಹಾಕಿಕೊಂಡಿತು. ನನ್ನ ಹೆಂಡತಿ ದಿನಾ ಎರಡು ಬಸ್ಸು ಬದಲಿಸಿ ಪಣಜಿಯ ಆಚೆ ಪರ್ವರಿಗೆ ಹೋಗಿ ಫ್ಲ್ಯಾಟುಗಳ ನೆಲ ಒರೆಸುತ್ತಿದ್ದಳು. ಒಂದು ದಿನ, "ಮಂದಿ ನೆಲಾ ಒರಸಿದ್ದು ಸಾಕ್ರಿ. ನನ್ನ ಕೈಗೆ ರೊಟ್ಟಿ ಬಡಿಯೂದು ಬರ್ತೈತಿ, ಖಾನಾವಳಿ ಹಾಕೂಣು" ಅಂದಳು. ನಾಲ್ಕು ಬಂಗಾರದ ಬಳೆ ಮಾರಿ ಒಂದು ಸಣ್ಣ ಜಾಗ ಹಿಡಿದಳು. ಕರಾರು ಆರು ತಿಂಗಳದ್ದು. ಅಷ್ಟರಲ್ಲಿ ಖಾನಾವಳಿ ನಡೆದರೆ ನಡೆಯಿತು, ಇಲ್ಲದಿದ್ದರೆ ಬಳೆಯೂ ಹೋಯಿತು, ಮತ್ತೆ ಅದೇ ಬಸ್ಸು, ಅದೇ ನೆಲ.

ಆ ಕಥೆಗೆ ಬರುವ ಮೊದಲು ನನ್ನದೇ ಮಾನ ಒಂದಿಷ್ಟು ಕಳೆದುಕೊಂಡುಬಿಡುತ್ತೇನೆ.

ಗೋಡಂಬಿ ಅಂಗಡಿಯಲ್ಲಿ ನನ್ನ ಜಾಣತನ

ಪೈಲಟ್ ಆದ ಹೊಸತು. ಸ್ಟ್ಯಾಂಡಿನ ಹಿರಿಯರೊಬ್ಬರು ಹೇಳಿಕೊಟ್ಟರು: "ಗಿರಾಕಿನ್ನ ಆ ಗೋಡಂಬಿ ಅಂಗಡಿ ಮುಂದ ಇಳಸು. ಇಲ್ಲಿ ಮಾಲ್ ಚಲೋ ಐತಿ ಅನ್ನು. ಮುಂದಿಂದು ಅಂಗಡಿಯವಾ ನೋಡ್ಕೋತಾನ."

ಇಳಿಸಿದೆ. ಆಮೇಲೆ ಸುಮ್ಮನೆ ಹೊರಗೆ ನಿಲ್ಲಬೇಕಿತ್ತು. ಆದರೆ ನಾನು ಬಾಗಲಕೋಟೆಯ ಸಂತೆಯಲ್ಲಿ ಬೆಳೆದವನು. ಹೇಳಿದ ರೇಟಿಗೆ ಯಾರಾದರೂ ಚಕಾರವೆತ್ತದೆ ದುಡ್ಡು ತೆಗೆದರೆ ನನ್ನ ಹೊಟ್ಟೆ ಉರಿಯುತ್ತದೆ. ಗಿರಾಕಿ ಪಾಕೀಟಿಗೆ ಕೈ ಹಾಕಿದ್ದೇ ತಡ, ಒಳಗೆ ನುಗ್ಗಿ ನನ್ನ ಹರಕು ಹಿಂದಿಯಲ್ಲಿ ಚೌಕಾಸಿ ಶುರು ಮಾಡಿದೆ. ಅಂಗಡಿಯವನು ಕಣ್ಣು ಹೊಡೆದ. ನಾನು ದನಿ ಏರಿಸಿದೆ. ಅವನು ಕೆಮ್ಮಿದ. "ಕೆಮ್ಮೋದು ಬಿಡಿ, ರೇಟ್ ಇಳಿಸಿ" ಅಂದೆ. ಕೊನೆಗೆ ಇಳಿಸಿದ. ಗಿರಾಕಿ ನನ್ನ ಬೆನ್ನು ತಟ್ಟಿ, ಇಂಥ ಪ್ರಾಮಾಣಿಕ ಪೈಲಟ್ಟನ್ನು ತಾನು ಕಂಡೇ ಇಲ್ಲ ಅಂದ.

ಸಂಜೆ ನನ್ನ ಪಾಲು ಕೇಳಲು ಹೋದೆ. ಅಂಗಡಿಯವನು ಎರಡೂ ಕೈ ಮುಗಿದ. "ಮಾರಾಯ, ನಾನು ಇಳಿಸಿದ್ದು ನನ್ನ ಲಾಭ ಅಲ್ಲ, ನಿನ್ನ ಪಾಲು. ಅದಕ್ಕೇ ಅಷ್ಟೊಂದು ಕೆಮ್ಮಿದ್ದು!"

ದವಾಖಾನೆಯ ಗೋಡೆ

ಖಾನಾವಳಿ ಹಾಕುವವರು ಡಾಕ್ಟರ ಸರ್ಟಿಫಿಕೇಟು ತರಬೇಕು ಅಂತ ಲೈಸೆನ್ಸ್ ಕೊಡುವ ಕಚೇರಿಯಲ್ಲಿ ಹೇಳಿದರು. ಹೆಂಡತಿಯನ್ನು ಕರೆದುಕೊಂಡು ಒಂದು ದವಾಖಾನೆಗೆ ಹೋದೆ. ಅಲ್ಲಿ ಗೋಡೆಗೆ ಬಣ್ಣ ಹೊಡೆಯುವ ಕೆಲಸ ನಡೆದಿತ್ತು. ಡಾಕ್ಟರು ತಲೆ ಎತ್ತುವವರಲ್ಲ. ಮೇಜಿನ ಮುಂದೆ ನೆರಳು ಬಿದ್ದರೆ ಸಾಕು, ಒಂದು ಚೀಟಿ ಬರೆದು, "ಎದುರಿನ ಲ್ಯಾಬಿನಲ್ಲೇ ಮಾಡಿಸಿ" ಅನ್ನುತ್ತಿದ್ದರು. ಆ ಲ್ಯಾಬಿನವನಿಗೂ ಇವರಿಗೂ ಇದ್ದ ನಂಟು ಓಣಿಗೆಲ್ಲ ಗೊತ್ತಿತ್ತು. ಹೆಂಡತಿಗೆ ರಕ್ತಪರೀಕ್ಷೆಯ ಚೀಟಿ ಸಿಕ್ಕಿತು. ಪಕ್ಕದಲ್ಲಿ ನಿಂತ ತಪ್ಪಿಗೆ ನನಗೂ ಒಂದು ಸಿಕ್ಕಿತು.

ನಮ್ಮ ಹಿಂದೆಯೇ ಬಣ್ಣ ಹೊಡೆಯುವವನು ಬಂದು ನಿಂತ. ಅವನು ಬಾದಾಮಿ ಕಡೆಯವನು. ಒಳಗಿನ ಕೋಣೆಗೆ ಯಾವ ಬಣ್ಣ ಅಂತ ಕೇಳಬೇಕಿತ್ತಂತೆ. ಬಾಯಿ ತೆರೆಯುವ ಮೊದಲೇ ಅವನ ಕೈಗೂ ಚೀಟಿ ಬಂತು. ದೊಡ್ಡವರು ಬರೆದೇ ಕೊಟ್ಟರಲ್ಲ ಅಂತ ಅವನು ಅದನ್ನು ತೆಗೆದುಕೊಂಡು ನೆಟ್ಟಗೆ ಬಣ್ಣದ ಅಂಗಡಿಗೆ ಹೋದ. ಅಂಗಡಿಯವನು ಚೀಟಿಯನ್ನು ಉದ್ದ ಹಿಡಿದ, ಅಡ್ಡ ಹಿಡಿದ. ಓದಲು ಬರುವುದಿಲ್ಲ ಅನ್ನುವುದಕ್ಕೆ ನಾಚಿಕೆಯಾಗಿ, ಬಹಳ ದಿನದಿಂದ ಹೋಗದೆ ಉಳಿದಿದ್ದ ಗಿಳಿಹಸಿರಿನ ಎರಡು ಡಬ್ಬಿ ಇಳಿಸಿಕೊಟ್ಟ.

ಮರುದಿನ ಡಾಕ್ಟರು ಮೊದಲ ಸಲ ತಲೆ ಎತ್ತಿದರಂತೆ. "ಈ ಬಣ್ಣ ಹೊಡಿ ಅಂತ ಯಾರು ಹೇಳಿದ್ದು?"

ಅವನು ಜೇಬಿನಿಂದ ಚೀಟಿ ತೆಗೆದು ತೋರಿಸಿದ. "ನೀವ ಬರದು ಕೊಟ್ಟೀರಲ್ರಿ, ಡಾಕ್ಟ್ರ!"

ಸಿಗಡಿ ಕೇಳಿದವರಿಗೆ ರೊಟ್ಟಿ

ಸರ್ಟಿಫಿಕೇಟು ಬಂತು, ಖಾನಾವಳಿ ಶುರುವಾಯಿತು. ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಮೊದಲ ದಿನವೇ ಟ್ಯಾಕ್ಸಿಯವನೊಬ್ಬ ಬಾಗಿಲಲ್ಲಿ ನಿಂತು ಕೇಳಿದ. "ಅಕ್ಕಾ, ಒಂದು ಗಿರಾಕಿ ತಂದ್ರ ಏನು ಕೊಡ್ತೀರಿ?"

"ಎರಡು ರೊಟ್ಟಿ, ಎರಡು ಪಲ್ಯ, ಅನ್ನ, ಸಾರು."

"ಗಿರಾಕಿಗಲ್ರಿ, ನನಗ."

"ನೀನೂ ಕುಂಡ್ರಪಾ, ನಿನಗೂ ಅಷ್ಟ ಕೊಡ್ತೀನಿ. ರೊಕ್ಕಾನೂ ಅಷ್ಟ."

ಅವನು ಹೋದವನು ತಿರುಗಿ ಬರಲಿಲ್ಲ. ಮೂರು ತಿಂಗಳು ಬಂದರಿನ ನಾಲ್ಕು ಜನ ಕೂಲಿಯವರನ್ನು ಬಿಟ್ಟರೆ ಬೇರೆ ಗಿರಾಕಿಯಿಲ್ಲ. ಉಳಿದ ರೊಟ್ಟಿಯನ್ನು ನಾವೇ ತಿಂದು ತಿಂದು ಸಾಕಾಯಿತು. ಹೆಂಡತಿ ಬಳೆಯಿಲ್ಲದ ಖಾಲಿ ಕೈಯನ್ನು ಸವರಿಕೊಳ್ಳುತ್ತಿದ್ದಳು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಒಂದು ದಿನ ಪುಣೆಯ ಗಂಡ ಹೆಂಡತಿ ಇಬ್ಬರು, ಒಳ್ಳೆಯ ಸಿಗಡಿ ಎಲ್ಲಿ ಸಿಗುತ್ತದೆ ಅಂತ ಕೇಳಿದರು. "ನನಗೆ ಗೊತ್ತು" ಅಂದೆ. ಗಂಡನನ್ನು ನಾನು, ಹೆಂಡತಿಯನ್ನು ಇನ್ನೊಬ್ಬ ಪೈಲಟ್ ಕೂರಿಸಿಕೊಂಡು ಖಾನಾವಳಿಯ ಮುಂದೆ ಇಳಿಸಿದೆವು. ನನ್ನ ಹೆಂಡತಿ ಅವರಿಗೆ ನೀರು ಕೊಟ್ಟು, ಏನು ಬೇಕು ಅಂತ ಕೇಳಿದಳು. ಸಿಗಡಿ ಅಂದರು. ಅವಳು ನನ್ನ ಮುಖ ನೋಡಿದಳು. ನಾನು ಸೂರು ನೋಡಿದೆ.

"ಇಲ್ಲಿ ಸಿಗಡಿ ಸಿಗೂದಿಲ್ರಿ" ಅಂತ ಅವರಿಗೆ ಹಿಂದಿಯಲ್ಲಿ ಹೇಳಿದಳು. "ಇವ್ರು ನನ್ನ ಗಂಡ, ಅದಕ್ಕ ಸುಳ್ಳು ಹೇಳಿ ಕರಕೊಂಡು ಬಂದಾರ. ಮುಂದಿನ ರಸ್ತೆದಾಗ ದೊಡ್ಡ ಮೀನಿನ ಹೋಟೆಲ್ ಐತಿ. ಇವ್ರ ಬಿಡ್ತಾರ, ಬಾಡಿಗಿ ಕೊಡಬ್ಯಾಡ್ರಿ."

ತಲೆ ತಗ್ಗಿಸಿಕೊಂಡು ಬಿಟ್ಟುಬಂದೆ. ಆ ಹೋಟೆಲಿನ ಮ್ಯಾನೇಜರು ನನ್ನನ್ನು ಪಕ್ಕಕ್ಕೆ ಕರೆದು ಕಮಿಷನ್ ಕೈಗಿಟ್ಟ. ಹೆಂಡತಿ ಖರೇ ಮಾತಾಡಿದ್ದರಿಂದ ನನಗೆ ಬಂದ ಮೊದಲನೆಯ ಸಂಪಾದನೆ ಅದು.

ಹೆಲ್ಮೆಟ್ ತೆಗೆಯದ ಗಿರಾಕಿ

ಆಮೇಲೆ ಯಾರೂ ಯೋಚಿಸದ ಒಂದು ಸಂಗತಿ ನಡೆಯಿತು. ಆ ಮೀನಿನ ಹೋಟೆಲಿನವರು ಗಿರಾಕಿ ತಂದವರಿಗೆ ಕಮಿಷನ್ನೂ ಕೊಡುತ್ತಿದ್ದರು, ಹಿಂದಿನ ಕಟ್ಟೆಯ ಮೇಲೆ ಒಂದು ತಟ್ಟೆ ಮೀನು-ಅನ್ನವನ್ನೂ ಹಾಕುತ್ತಿದ್ದರು. ವರ್ಷಗಟ್ಟಲೆ ಅದನ್ನೇ ಉಂಡು ನಮ್ಮ ಕಡೆಯ ಪೈಲಟ್ಟುಗಳ ನಾಲಿಗೆ ರೊಟ್ಟಿಗೆ ಹಾತೊರೆಯುತ್ತಿತ್ತು. ಗಿರಾಕಿಯನ್ನು ಅಲ್ಲಿ ಇಳಿಸಿ, ಕಮಿಷನ್ ಇಸಿದುಕೊಂಡು, ಅದೇ ದುಡ್ಡಿನಲ್ಲಿ ನಮ್ಮಲ್ಲಿ ಬಂದು ಉಣ್ಣತೊಡಗಿದರು. ಊಟ ಮುಗಿಸಿದ ಗಿರಾಕಿಗಳು ತಮ್ಮ ಪೈಲಟ್ಟನ್ನು ಹುಡುಕಿಕೊಂಡು ಬಂದರೆ ಅವನು ಇಲ್ಲಿ ಎಣ್ಣೆಗಾಯಿ ಬಾರಿಸುತ್ತಿರುತ್ತಿದ್ದ. ಮರುದಿನ ಅವರೇ, "ನೀನು ಉಣ್ಣುವ ಕಡೆ ಕರೆದುಕೊಂಡು ಹೋಗು" ಅನ್ನುವುದಕ್ಕೆ ಶುರು ಮಾಡಿದರು. ಐದನೆಯ ತಿಂಗಳಿಗೆ ಕುರ್ಚಿ ಸಾಲದಾಯಿತು.

ಕರಾರು ಮುಗಿಯಲು ಮೂರು ವಾರವಿತ್ತು. ಒಂದು ಮಧ್ಯಾಹ್ನ ಮುಖವೆಲ್ಲ ಮುಚ್ಚುವ ಹೆಲ್ಮೆಟ್ಟನ್ನು ಮನೆಯಿಂದಲೇ ಹಾಕಿಕೊಂಡು ಬಂದ ದಪ್ಪನೆಯ ಮನುಷ್ಯರೊಬ್ಬರು ನನ್ನ ಹಿಂದೆ ಕುಳಿತು, "ಪೈಲಟ್ಟುಗಳು ಉಣ್ಣುವ ಜಾಗಕ್ಕೆ ಬಿಡು" ಅಂದರು. ಖುಷಿಯಿಂದ ತಂದೆ. ಅವರು ಮೂಲೆಯಲ್ಲಿ ಕುಳಿತು, ಹೆಲ್ಮೆಟ್ಟಿನ ಗಾಜು ಎತ್ತಿ, ಆ ಸಂದಿಯಿಂದ ರೊಟ್ಟಿ ತೂರಿಸಲು ನೋಡಿದರು.

"ಹೆಲ್ಮೆಟ್ ತಗದು ಉಣ್ರಿ" ಅಂದಳು ನನ್ನ ಹೆಂಡತಿ. "ಇಲ್ಲಿ ಮ್ಯಾಲಿಂದ ಏನೂ ಬೀಳೂದಿಲ್ಲ."

ತೆಗೆದರು. ಅವರು ಮೀನಿನ ಹೋಟೆಲಿನ ಮಾಲೀಕರು! ಒಳಗೆ ಉಣ್ಣುತ್ತಿದ್ದ ಎಂಟು ಪೈಲಟ್ಟುಗಳ ಕೈ ಅಲ್ಲಲ್ಲೇ ನಿಂತಿತು. ಒಬ್ಬ ರೊಟ್ಟಿಯನ್ನು ಮುಖಕ್ಕೆ ಅಡ್ಡ ಹಿಡಿದ. ಇನ್ನೊಬ್ಬ ತನ್ನ ಹೆಲ್ಮೆಟ್ ಹಾಕಿಕೊಂಡ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದೆ. ಇವರು ಕಮಿಷನ್ ನಿಲ್ಲಿಸಿದರೆ ಪೈಲಟ್ಟುಗಳು ಬರುವುದು ನಿಲ್ಲುತ್ತದೆ. ಜಾಗದ ಮಾಲೀಕನ ಕಿವಿಯಲ್ಲಿ ಒಂದು ಮಾತು ಊದಿದರೆ ಕರಾರೂ ಮುಂದುವರಿಯುವುದಿಲ್ಲ.

ಅವರು ನಾಲ್ಕು ರೊಟ್ಟಿ ಉಂಡರು. ಮೊಸರು ಕೇಳಿ ಹಾಕಿಸಿಕೊಂಡರು. ಅವರ ಅಡುಗೆಯವರೆಲ್ಲ ಗದಗಿನ ಕಡೆಯವರಾದ್ದರಿಂದ ಕನ್ನಡ ಬರುತ್ತಿತ್ತು.

"ಅಕ್ಕಾ, ನನ್ನ ಹೋಟೆಲಿಗೆ ದಿನಾ ಐವತ್ತು ರೊಟ್ಟಿ ಕೊಡ್ತೀರೇನು? ಆದರೆ ಗುಟ್ಟಾಗಿ. ನಮ್ಮಲ್ಲೇ ಮಾಡಿದ್ದು ಅಂತ ಹೇಳ್ತೇನೆ."

"ಗುಟ್ಟು ಬ್ಯಾಡ್ರಿ. ನಿಮ್ಮ ಬೋರ್ಡಿನ ಮ್ಯಾಲೆ ನನ್ನ ಖಾನಾವಳಿ ಹೆಸರು ಬರೀರಿ. ಬರದ್ರ ಐವತ್ತಲ್ಲ, ನೂರು ಬಡಿತೀನಿ."

ಅವರು ಬೆರಳಿನ ಚಟ್ನಿಯನ್ನೆಲ್ಲ ನೆಕ್ಕಿ ಮುಗಿಸಿದರು. ಕೊನೆಗೆ, "ಆಯ್ತು, ಬರೆಸ್ತೇನೆ" ಅಂದರು. ನನ್ನ ಕಣ್ಣಲ್ಲಿ ನೀರು ಬಂತು. ಅವಳು ಇನ್ನು ಪರ್ವರಿಯ ಬಸ್ಸು ಹತ್ತಬೇಕಾಗಿಲ್ಲ.

ಎದ್ದು ಕೈ ತೊಳೆಯುವಾಗ ಅವರಿಗೆ ಏನೋ ಹೊಳೆಯಿತು. "ಒಂದು ನಿಮಿಷ ಅಕ್ಕಾ. ಇಲ್ಲಿಗೆ ಬರೋ ಗಿರಾಕಿ ಎಲ್ಲ ಮೊದಲು ನನ್ನ ಹೋಟೆಲಿಗೆ ಬಂದವರು. ಇವರನ್ನ ನಿಮಗೆ ತಂದುಕೊಟ್ಟಿದ್ದು ನಾನು. ನನ್ನ ಕಮಿಷನ್ ಎಲ್ಲಿ?"

ನನ್ನ ಹೆಂಡತಿ ಹಿಟ್ಟಿನ ಕೈ ಒರೆಸಿಕೊಂಡಳು. "ಖರೇ ಮಾತ್ರಿ. ಇವತ್ತಿನ ಊಟದ ರೊಕ್ಕ ನೀವು ಕೊಡಬ್ಯಾಡ್ರಿ." ಆಮೇಲೆ ನನ್ನ ಕಡೆ ತಿರುಗಿದಳು. "ಇವರನ್ನ ಕರಕೊಂಡು ಬಂದಾವ್ರು ಕೊಡ್ತಾರ."

ಎಂಟು ಜನ ಪೈಲಟ್ಟುಗಳು ತಟ್ಟೆ ಬಡಿದು ನಕ್ಕರು. ಗಿರಾಕಿಯನ್ನು ತಂದು, ಅವನ ಊಟದ ದುಡ್ಡನ್ನೂ ತಾನೇ ಕೊಟ್ಟ ಪೈಲಟ್ ಇಡೀ ವಾಸ್ಕೋದಲ್ಲಿ ನಾನೊಬ್ಬನೇ. ಮೊಸರಿನ ದುಡ್ಡನ್ನು ಬೇರೆ ವಸೂಲಿ ಮಾಡಿದಳು.