ಅನಿಯೆಲ್ಲಣ್ಣನ ತಟ್ಟೆ

ಒರೆಸ್ತೆಯ ಆ ದಿನದ ಫಜೀತಿಗೆಲ್ಲ ಮೂಲ ಅವನು ಬೆಳಗಿನ ತಿಂಡಿ ಬಿಟ್ಟದ್ದು.

ಬಿಟ್ಟದ್ದಕ್ಕೂ ಕಾರಣವಿತ್ತು. ಮಿಲಾನಿನ ವಿಮೆ ಕಚೇರಿಯಲ್ಲಿ ಕೂತು ಬೆನ್ನು ಬಗ್ಗಿಸಿಕೊಂಡ ಈ ಬ್ರಹ್ಮಚಾರಿ ವರ್ಷಕ್ಕೊಮ್ಮೆ ರಜೆ ಹಾಕಿ ಊರೂರು ಅಲೆಯುವುದು ತಿನ್ನುವುದಕ್ಕೆ ಮಾತ್ರ. ಚರ್ಚು, ಕೋಟೆ, ಸಮುದ್ರ ಯಾವುದನ್ನೂ ತಿರುಗಿ ನೋಡಿದವನಲ್ಲ. ಈ ಸಲ ನೇಪಲ್ಸ್. ಸನಿತಾ ಕೇರಿಯ ಮೂಲೆಯಲ್ಲಿರುವ ಹಳೆಯ ಊಟದ ಮನೆಯಲ್ಲಿ ರಾತ್ರಿಗೆ ಒಂದು ಮೇಜು ಸಿಗಲು ಬೇಸಿಗೆಯಿಡೀ ಫೋನು ಮಾಡಿ ಗೋಗರೆದಿದ್ದ. ಆ ಊಟಕ್ಕೆಂದೇ ತೆಗೆದಿಟ್ಟ ನೋಟುಗಳು ಪ್ಯಾಂಟಿನ ಜೇಬಿನಲ್ಲಿದ್ದವು, ಆ ಊಟಕ್ಕೆಂದೇ ಹೊಟ್ಟೆಯನ್ನೂ ಖಾಲಿ ಇಟ್ಟಿದ್ದ. ಹಗಲು ಕಳೆಯಲಿ ಎಂದು ಅದೇ ಕೇರಿಯ ನುಂಜಿಯಮ್ಮನ ಅಡುಗೆ ಪಾಠಕ್ಕೆ ಸೇರಿಕೊಂಡ. ಅಲ್ಲಿ ಮಧ್ಯಾಹ್ನಕ್ಕೆ ಒಂದೆರಡು ತುತ್ತು ಸಿಗುತ್ತದೆ ಎಂದು ಅವನ ಅಂದಾಜು. ಅಂದು ನವೆಂಬರ್ ಎರಡು, ಸತ್ತವರ ದಿನ ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಬೆಳಿಗ್ಗೆ ನುಂಜಿಯಮ್ಮ ಶಿಷ್ಯರನ್ನೆಲ್ಲ ಸಂತೆಗೆ ಕರೆದುಕೊಂಡು ಹೋದಳು. ಒಂದೊಂದೇ ಈರುಳ್ಳಿಯನ್ನು ಮೂಗಿಗೆ ಹಿಡಿದು ಆರಿಸಿದಳು.

"ಯಾರಿಗಮ್ಮ ಇಷ್ಟೊಂದು?" ಎಂದ ಈರುಳ್ಳಿಯವನು.

"ನಮ್ಮ ಯಜಮಾನ್ರಿಗೆ."

"ಅನಿಯೆಲ್ಲಣ್ಣ ಹೇಗಿದಾನೆ?"

"ಇವತ್ತು ಬರ್ತಾನಲ್ಲ, ನೀನೇ ಕೇಳ್ಕೋ."

ಗಂಡ ಹಡಗಿನಲ್ಲಿ ಕೆಲಸದಲ್ಲಿರಬೇಕು ಎಂದುಕೊಂಡ ಒರೆಸ್ತೆ. ಅವಳ ಮನೆಗೆ ಹೋದಾಗಲೇ ಗೊತ್ತಾದದ್ದು. ಕೇರಿಗೇ ಬಾಗಿಲು ತೆರೆದುಕೊಂಡ ಒಂಟಿ ಕೋಣೆ, ಗೋಡೆಯ ಮೇಲೆ ಕುರ್ಚಿಯಲ್ಲಿ ಕೂತ ದಪ್ಪ ಮೀಸೆಯವನ ಫೋಟೊ, ಅದರ ಕೆಳಗೆ ಎಣ್ಣೆ ದೀಪ.

ಈರುಳ್ಳಿ ಹೆಚ್ಚಿ ಹೆಚ್ಚಿ ಎಲ್ಲರೂ ಅತ್ತರು. ಮಾಂಸದ ಜೊತೆ ಅದು ಸಣ್ಣ ಉರಿಯಲ್ಲಿ ಬೆಂದು ಬೆಂದು ಜೇನಿನ ಬಣ್ಣಕ್ಕೆ ತಿರುಗುವಾಗ ಆ ಘಮ ಒರೆಸ್ತೆಯನ್ನು ಒಲೆಯ ಹತ್ತಿರಕ್ಕೇ ಎಳೆದು ತಂದಿತು. ತಡೆಯಲಾಗದೆ ಒಂದು ಚೂರು ಬ್ರೆಡ್ಡು ಅದ್ದಲು ಹೋದ. ಮಣಿಕಟ್ಟಿನ ಮೇಲೆ ನುಂಜಿಯಮ್ಮನ ಸೌಟು ಬಿತ್ತು, ಗೊಜ್ಜು ಅವನ ಅಂಗಿಗೆಲ್ಲ ಚಿಮ್ಮಿತು.

"ಅದು ಅನಿಯೆಲ್ಲೋದು ಸ್ವಾಮಿ. ಇವತ್ತು ಮೊದಲು ಅವನು ಉಣ್ಬೇಕು, ನಮ್ದೆಲ್ಲ ಆಮೇಲೆ. ಸತ್ತೋರ ತಟ್ಟೇಲಿ ಕೈ ಹಾಕಿದ್ರೆ ವರ್ಷ ತುಂಬೋ ತನಕ ಅವರು ನಿಮ್ಮ ತಟ್ಟೇಲಿ ಕೈ ಹಾಕ್ತಾರೆ."

"ಅವರು ಎಷ್ಟು ಹೊತ್ತಿಗೆ ಬರ್ತಾರೆ?"

"ಸತ್ತೋರಿಗೆ ಗಡಿಯಾರ ಕಟ್ಟಿ ಕಳಿಸೋಕಾಗುತ್ತಾ?"

ಕೊಳೆಯಾದ ಅಂಗಿಯ ಮೇಲೆ ಹಾಕಿಕೊಳ್ಳಲು ಗಂಡನ ಕಂದು ಕೋಟು ಕೊಟ್ಟಳು. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಒರೆಸ್ತೆಗೆ ಅದು ಅಷ್ಟೇನೂ ಹಿಡಿಸಲಿಲ್ಲ.

ಕತ್ತಲಾಗುವ ಹೊತ್ತಿಗೆ ಮೇಜು ಸಿದ್ಧವಾಯಿತು. ಬಿಳಿ ಬಟ್ಟೆ, ಒಂದು ಲೋಟ ವೈನು, ಕೈಯಲ್ಲೇ ಮುರಿದು ಬೇಯಿಸಿದ ಉದ್ದ ಕೊಳವೆ ಪಾಸ್ತಾ, ಮೇಲೆ ಆ ಈರುಳ್ಳಿ ಗೊಜ್ಜು. ಸತ್ತವನು ಸಂಕೋಚವಿಲ್ಲದೆ ಉಣ್ಣಲಿ ಎಂದು ಬಾಗಿಲನ್ನು ಅರ್ಧ ತೆರೆದಿಟ್ಟು ಎಲ್ಲರೂ ಚರ್ಚಿಗೆ ಹೊರಟರು. "ಶೂ ಕಟ್ಕೊಂಡು ಬಂದೆ, ನೀವು ನಡೀರಿ," ಎಂದ ಒರೆಸ್ತೆ.

ಶೂ ಕಟ್ಟಿಯೇ ಇತ್ತು. ಒಂದೇ ಒಂದು ಪಾಸ್ತಾ ತುಂಡು, ಯಾರಿಗೆ ಗೊತ್ತಾಗುತ್ತದೆ ಎಂದು ನಿಂತುಕೊಂಡೇ ಬಾಯಿಗಿಟ್ಟ. ಎರಡನೆಯದಕ್ಕೆ ಕುರ್ಚಿ ಎಳೆದು ಕೂತ. ಅರ್ಧ ತಟ್ಟೆ ಮುಗಿಯುವಾಗ ಕೋಣೆ ಇದ್ದಕ್ಕಿದ್ದಂತೆ ತಣ್ಣಗಾಯಿತು. ದೀಪದ ಕುಡಿ ಬಾಗಿತು. ಕುತ್ತಿಗೆಯ ಹಿಂದೆ ಯಾರೋ ನಿಂತು, ತನ್ನ ಸರದಿ ಯಾವಾಗ ಎಂದು ಕಾಯುತ್ತಿರುವ ಹಾಗೆ ಉಸಿರಾಡಿದರು. ತಿರುಗಿ ನೋಡುವ ಧೈರ್ಯ ಅವನಿಗಿರಲಿಲ್ಲ.

ಆಗಲೇ ಮೇಲಿನ ಮನೆಯ ತಿತಿನಾ ಹೂ ಇಡಲೆಂದು ಬಾಗಿಲಿಗೆ ಬಂದಳು. ಅವಳಿಗೆ ಕಂಡದ್ದು ಕಂದು ಕೋಟಿನ ಬೆನ್ನು, ಅಲ್ಲಾಡುವ ದವಡೆ. ಅವಳು ಕಿರುಚಲಿಲ್ಲ. ಹೊರಗೆ ಹೋಗಿ, "ರಫೇಲೆ, ಅನಿಯೆಲ್ಲಣ್ಣ ಬಂದವ್ನೆ. ಉಣ್ತಾವ್ನೆ," ಎಂದು ಎದುರಿನ ಕ್ಷೌರಿಕನಿಗೆ ಹೇಳಿದಳು. ಕ್ಷಣದಲ್ಲಿ ಕೇರಿಯೆಲ್ಲ ಬಾಗಿಲಲ್ಲಿ.

ಹೆದರಿಕೆ ಅವರಿಗೂ ಇತ್ತು. ಆದರೆ ಅದಕ್ಕಿಂತ ದೊಡ್ಡದು ಲಾಟರಿ. ಕಂಡ ಕನಸಿಗೆ, ನಡೆದ ಘಟನೆಗೆ ಎಲ್ಲಕ್ಕೂ ಈ ಊರಿನಲ್ಲಿ ಒಂದೊಂದು ಸಂಖ್ಯೆಯಿದೆ. ಹಾಲು ಕುಡಿಯುವ ಮಕ್ಕಳಿಗೂ ಅದು ಬಾಯಿಪಾಠ.

"ಬಡಿಸಿಟ್ಟ ಮೇಜು, ಎಂಬತ್ತೆರಡು," ಎಂದಳು ತಿತಿನಾ.

"ಹೆದರಿಕೆ, ತೊಂಬತ್ತು," ಎಂದ ರಫೇಲೆ. ಅವನ ಹಲ್ಲು ಕಟಕಟ ಎನ್ನುತ್ತಿತ್ತು. "ಸತ್ತೋನು ನಲವತ್ತೇಳು."

"ಅದು ಸುಮ್ನಿರೋ ಸತ್ತೋನಿಗೆ ಕಣೋ. ಮಾತಾಡೋ ಸತ್ತೋನಿಗೆ ನಲವತ್ತೆಂಟು."

"ಇವನು ಮಾತಾಡಿಲ್ವಲ್ಲ?"

"ಬಾಯ್ತುಂಬ ಪಾಸ್ತಾ ಇದೆ, ಹೆಂಗೆ ಮಾತಾಡ್ತಾನೆ? ಅನಿಯೆಲ್ಲಣ್ಣ, ನಿಂಗೆ ಕೈ ಮುಗೀತೀನಿ, ಒಂದು ಮಾತಾಡಪ್ಪ. ಮಾತಾಡಲ್ಲ ಅಂದ್ರೆ ಮಾತಾಡಲ್ಲ ಅಂತಾದ್ರೂ ಹೇಳು."

ಒರೆಸ್ತೆ ಕಲ್ಲಾಗಿ ಕೂತ. ಬಾಯಿ ಬಿಟ್ಟರೆ ಮಿಲಾನಿನ ರಾಗ ಹೊರಬೀಳುತ್ತದೆ. ಹೆಣದ ಊಟ ಕದ್ದವನೆಂದು ತಿಳಿದರೆ ಕೇರಿಯವರು ಚರ್ಮ ಸುಲಿಯುತ್ತಾರೆ. ಆದರೆ ತೆರೆದ ಬಾಗಿಲಿನಿಂದ ಬೀಸುವ ಆ ತಣ್ಣನೆಯ ಗಾಳಿ ಕುತ್ತಿಗೆಯನ್ನು ಬಿಡಲೊಲ್ಲದು. ಕೊನೆಗೆ, ಹಾಳು ಕಚೇರಿಯ ಅಭ್ಯಾಸ, ತಾನಾಗಿ ಬಂದುಬಿಟ್ಟಿತು: "ದಯವಿಟ್ಟು ಬಾಗಿಲು ಹಾಕುತ್ತೀರಾ?"

ಬಾಗಿಲಲ್ಲಿದ್ದವರೆಲ್ಲ ಶಿಲುಬೆಯ ಗುರುತು ಹಾಕಿಕೊಂಡರು.

"ಎಷ್ಟು ಶುದ್ಧವಾಗಿ ಮಾತಾಡ್ತಾನೆ," ಎಂದ ರಫೇಲೆ ಕಣ್ಣೊರೆಸಿಕೊಂಡು. "ಮೇಲೆ ಎಲ್ಲರಿಗೂ ಮಾತು ತಿದ್ದಿ ಕಳಿಸ್ತಾರೆ ಅನ್ಸುತ್ತೆ."

"ನಲವತ್ತೆಂಟು," ಎಂದಳು ತಿತಿನಾ. ಬಾಗಿಲು ಹಾಕುವ ತಾಳ್ಮೆ ಯಾರಿಗೂ ಇರಲಿಲ್ಲ. ಎಲ್ಲರೂ ತಂಬಾಕಿನ ಅಂಗಡಿಗೆ ಓಡಿದರು. ಲಾಟರಿ ಚೀಟಿ ಸಿಗುವುದು ಅಲ್ಲೇ, ಅದು ಮುಚ್ಚುವ ಹೊತ್ತಾಗಿತ್ತು.

ಒರೆಸ್ತೆ ಕಂದು ಕೋಟನ್ನು ಕುರ್ಚಿಗೆ ನೇತುಹಾಕಿ ಬದುಕಿದೆ ಎಂದು ಹೊರಗೆ ಬಿದ್ದ. ಗಾಬರಿಯಲ್ಲಿ, ಬೆಳಿಗ್ಗೆ ಬಿಚ್ಚಿ ಮೊಳೆಗೆ ತೂಗುಹಾಕಿದ್ದ ತನ್ನ ದಪ್ಪ ಚಳಿಕೋಟು ಅಲ್ಲೇ ಮರೆತ. ಅಂಗಡಿಯ ಮುಂದೆ ಸಾಲೇ ಸಾಲು, ಎಲ್ಲರ ಬಾಯಲ್ಲೂ ಎಂಬತ್ತೆರಡು, ನಲವತ್ತೆಂಟು, ತೊಂಬತ್ತು. ಇದೆಲ್ಲ ಸುಳ್ಳು ಎಂದು ಇಡೀ ಊರಿನಲ್ಲಿ ಗೊತ್ತಿದ್ದವನು ಅವನೊಬ್ಬನೇ. ಆದರೂ ಅಷ್ಟು ಜನ ನಂಬಿ ನಿಂತದ್ದನ್ನು ನೋಡುತ್ತ ನೋಡುತ್ತ ಅವನ ತಲೆಯೂ ತಿರುಗಿತು. ಮಾತಾಡಿದ ಸತ್ತವನು ತಾನೇ ಆಗಿರುವಾಗ ತನಗಿಂತ ಗಟ್ಟಿ ಸಾಕ್ಷಿ ಯಾರು ಎಂದುಕೊಂಡು, ರಾತ್ರಿಯ ಊಟದ ನೋಟುಗಳನ್ನೆಲ್ಲ ಅದೇ ಸಂಖ್ಯೆಗಳ ಮೇಲೆ ಸುರಿದ.

ಆಮೇಲೆ ಚಳಿ ಗೊತ್ತಾಯಿತು. ಕೋಟು ತರಲು ವಾಪಸು ಹೋದ.

ಮೇಜಿನ ಮುಂದೆ ಕಂದು ಕೋಟು ಹಾಕಿಕೊಂಡು ಒಬ್ಬ ಕೂತಿದ್ದ. ಎಡಗೈಯಲ್ಲಿ ಫೋರ್ಕು ಹಿಡಿದು, ಉಳಿದ ಅರ್ಧ ಊಟವನ್ನು ನಿಧಾನವಾಗಿ ಮುಗಿಸುತ್ತಿದ್ದ. ದಪ್ಪ ಮೀಸೆ. ಒರೆಸ್ತೆ ಗೋಡೆ ನೋಡಿದ. ಫೋಟೊದಲ್ಲಿ ಕುರ್ಚಿ ಮಾತ್ರ ಇತ್ತು.

ಮೀಸೆಯವನು ತಲೆಯೆತ್ತಿ ತುಟಿಯ ಮೇಲೆ ಬೆರಳಿಟ್ಟ.

ಒರೆಸ್ತೆ ಅಂಗಡಿಗೆ ಓಡಿದ. "ನಲವತ್ತೇಳು," ಎಂದು ಅರಚಿದ, "ಅವನು ಮಾತಾಡಲ್ಲ, ನಲವತ್ತೇಳು." ಅಂಗಡಿಯವನು ಆಗಷ್ಟೇ ಬಾಗಿಲು ಎಳೆದಿದ್ದ. ತಿತಿನಾ ಕನಿಕರದಿಂದ ಅವನ ಭುಜ ತಟ್ಟಿದಳು. "ಮಿಲಾನಿನೋರೆ, ನಮ್ಮ ಸತ್ತೋರ ವಿಷ್ಯ ನಿಮಗೇನು ಗೊತ್ತು? ನಾವು ಈಗ ತಾನೇ ಮಾತಾಡಿಸ್ಕೊಂಡು ಬಂದಿದೀವಿ."

ಸ್ವಲ್ಪ ಹೊತ್ತಿಗೆ ರಫೇಲೆಯ ಅಂಗಡಿಯ ಟಿವಿಯಲ್ಲಿ ಸಂಖ್ಯೆಗಳು ಬಂದವು. ಎಂಬತ್ತೆರಡು ಬಂತು, ತೊಂಬತ್ತು ಬಂತು, ಕೊನೆಗೆ ನಲವತ್ತೇಳು. ಅವರು ಕಟ್ಟಿದ ಚೀಟಿಗೆ ಮೂರೂ ಕೂಡಿದರೇ ಹಣ. ಬದುಕಿದ್ದಾಗ ಸರಿಯಿದ್ದವನು ಸತ್ತ ಮೇಲೆ ಸುಳ್ಳು ಕಲಿತ ಎಂದು ಕೇರಿಯೆಲ್ಲ ಅನಿಯೆಲ್ಲಣ್ಣನಿಗೆ ಬಯ್ಯುವಾಗ ಚರ್ಚಿನಿಂದ ಬಂದ ನುಂಜಿಯಮ್ಮ ಏಪ್ರನ್ನಿನ ಜೇಬಿನಿಂದ ತನ್ನ ಚೀಟಿ ತೆಗೆದಳು. ಅದರಲ್ಲಿ ಎಂಬತ್ತೆರಡು, ತೊಂಬತ್ತರ ಜೊತೆ ಇದ್ದದ್ದು ನಲವತ್ತೇಳೇ.

"ದಾರೀಲೇ ಸುದ್ದಿ ಸಿಕ್ತು, ಅಲ್ಲೇ ಒಂದು ಅಂಗಡೀಲಿ ಚೀಟಿ ತಗೊಂಡೆ," ಎಂದಳು. "ಮಾತಾಡಿದ್ನಂತೆ. ಸಂಸಾರ ಮಾಡಿದಷ್ಟು ದಿನ ಊಟದ ಮುಂದೆ ಒಂದು ಮಾತಾಡಿದೋನಲ್ಲ ನನ್ನ ಗಂಡ. ನನ್ನನ್ನ ಯಾರಾದ್ರೂ ಕೇಳಿದ್ರಾ?" ಅವಳ ಕಣ್ಣು ತುಂಬಿತ್ತು. "ಬನ್ನಿ, ಎಲ್ರಿಗೂ ಮೂಲೆ ಊಟದ ಮನೇಲಿ ಊಟ ಹಾಕಿಸ್ತೀನಿ. ಸ್ವಾಮಿ, ನೀವೂ ಬನ್ನಿ. ಬೆಳಗ್ಗಿಂದ ಏನೂ ತಿಂದಿಲ್ಲ, ಅಲ್ವಾ?"

ಕೊನೆಯ ಮಾತಿಗೆ ಅವಳು ಅವನನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು. ಒರೆಸ್ತೆ ನೆಲ ನೋಡಿದ. ಆದರೂ ಬೇಸಿಗೆಯಿಂದ ಕಾದ ಊಟ, ಅದೂ ಬಿಟ್ಟಿ, ಹೋದ.

ಕೊನೆಗೂ ಅವನ ಮುಂದೆ ಹೊಗೆಯಾಡುವ ತಟ್ಟೆ ಬಂತು. ಕಣ್ಣು ಮುಚ್ಚಿ ಘಮವನ್ನು ಎದೆಯ ತುಂಬ ಎಳೆದುಕೊಂಡು, ಫೋರ್ಕು ಎತ್ತಿ, ಕಣ್ಣು ತೆರೆದ. ತಟ್ಟೆಯಲ್ಲಿ ಸರಿಯಾಗಿ ಅರ್ಧ ಉಳಿದಿತ್ತು. ಲೋಟದ ವೈನೂ ಅರ್ಧಕ್ಕೆ ಇಳಿದಿತ್ತು. ಸುತ್ತ ಎಲ್ಲರೂ ತಮ್ಮ ತಮ್ಮ ಊಟದಲ್ಲಿ ಮುಳುಗಿದ್ದರು.

ನುಂಜಿಯಮ್ಮ ಎದ್ದು ಬಂದು ಒಂದು ಖಾಲಿ ಕುರ್ಚಿಯನ್ನು ಒರೆಸ್ತೆಯ ಬಲಗಡೆಗೆ ಎಳೆದು ಹಾಕಿದಳು.

"ಸ್ವಲ್ಪ ಸರ್ಕೊಳ್ಳಿ," ಎಂದಳು. "ಅವನದು ಎಡಗೈ ಊಟ. ವರ್ಷವಿಡೀ ಮೊಣಕೈ ತಾಗ್ತಾ ಇರುತ್ತೆ."