ಸಾಹಿತಿಗಳು ಸಾಯುವುದಿಲ್ಲ, ದಾಂಡೇಲಿಗೆ ಬರುತ್ತಾರೆ

ಕನ್ನಡದಲ್ಲಿ ಇದುವರೆಗೆ ಒಬ್ಬನೇ ಒಬ್ಬ ದೊಡ್ಡ ಸಾಹಿತಿಯೂ ಸತ್ತಿಲ್ಲ. ಇದು ನನ್ನ ಮಾತಲ್ಲ, ನನ್ನ ಹೆಂಡತಿಯ ತಮ್ಮನದು. ಪತ್ರಿಕೆಯ ನಿಧನ ವಾರ್ತೆ, ಮುಖಪುಟದ ಫೋಟೋ, ಶಾಲೆಗೆ ಬಿಡುವ ರಜೆ, ಇವೆಲ್ಲ ಅವನ ಪ್ರಕಾರ ಒಂದು ಏರ್ಪಾಡು. ಸಾಹಿತಿ ಸಾಯುವುದಿಲ್ಲ, ತಪ್ಪಿಸಿಕೊಳ್ಳುತ್ತಾನೆ! ತಪ್ಪಿಸಿಕೊಂಡು ಎಲ್ಲಿಗೆ ಹೋಗುತ್ತಾನೆ? ಕಾಶಿಗಲ್ಲ, ಹಿಮಾಲಯಕ್ಕಲ್ಲ. ನಮ್ಮ ದಾಂಡೇಲಿಗೆ ಬರುತ್ತಾನೆ!

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥ ಮಾತುಗಳಿಗೆ ಕಿವಿಗೊಡುವ ಮನುಷ್ಯನಲ್ಲ. ಕಾಗದದ ಕಾರ್ಖಾನೆಯಲ್ಲಿ ಪಾಳಿ ಮಾಡಿ ನಿವೃತ್ತನಾದವನು. ಕಾರ್ಖಾನೆಯ ಭೋಂಗಾ ಕೂಗಿದರೆ ಏಳುವುದು, ಭೋಂಗಾ ಕೂಗಿದರೆ ಉಣ್ಣುವುದು. ನಿವೃತ್ತಿಯ ದಿನ ಕೊರಳಿಗೆ ಹಾರ ಹಾಕಿದರೇ ಹೊರತು ತಲೆಯೊಳಗಿನ ಭೋಂಗಾವನ್ನು ಯಾರೂ ಬಿಚ್ಚಿಟ್ಟುಕೊಳ್ಳಲಿಲ್ಲ. ಚಪ್ಪಲಿ ಬಿಟ್ಟ ಜಾಗದಲ್ಲೇ ಇರಬೇಕು. ಪೇಪರನ್ನು ಬಂದ ಮಡಿಕೆಯಲ್ಲೇ ಮಡಿಸಬೇಕು. ಹಿಡಿದ ಕೆಲಸ ಮುಗಿಸದೆ ಏಳಬಾರದು. ಇಂಥವನು ಈಗ ಬೆಳಗಿನ ಚಹಾ ಮುಗಿಸಿ ಪ್ರಬಂಧ ಬರೆಯಲು ಕುಳಿತಿದ್ದೇನೆಂದರೆ ಅದಕ್ಕೂ ಆ ಮಹಾಶಯನೇ ಕಾರಣ. ನಾಳೆ ಸೋಮವಾರ ಹುಬ್ಬಳ್ಳಿಯ ಆಸ್ಪತ್ರೆಗೆ ಸೇರುತ್ತೇನೆ, ಅಲ್ಲಿ ನನ್ನ ಎದೆ ಕೊಯ್ಯುತ್ತಾರೆ. ಹೃದಯದ ಒಂದು ಕವಾಟ ಪಾಳಿಗೆ ಸರಿಯಾಗಿ ಬರುತ್ತಿಲ್ಲವಂತೆ. ವಾಪಸು ಬರುತ್ತೇನೋ ಇಲ್ಲವೋ, ಡಾಕ್ಟರು ಖಾತ್ರಿ ಕೊಟ್ಟಿಲ್ಲ. ಭಾವಮೈದುನ ಕೊಟ್ಟಿದ್ದಾನೆ, ಒಂದು ಷರತ್ತಿನ ಮೇಲೆ. ಆ ಷರತ್ತು ತಿಳಿಯಬೇಕಾದರೆ ಅವನ ಸಿದ್ಧಾಂತವನ್ನು ತಿಳಿಯಬೇಕು. ತಾಳ್ಮೆಯಿರಲಿ.

ಅವನಿಗೆ ಹಲಿಯಾಳದ ಪೇಟೆಯಲ್ಲಿ ನೋಟುಬುಕ್ಕು, ಪಠ್ಯಪುಸ್ತಕಗಳ ಅಂಗಡಿ. ಪ್ರತಿ ರವಿವಾರ ಅಕ್ಕನನ್ನು ನೋಡಲು ನಮ್ಮ ಮನೆಗೆ ಬರುತ್ತಾನೆ. “ಹನ್ನೊಂದರ ಬಸ್ಸಿಗೆ ಬರ್ತೇನಿ” ಎಂದರೆ ಮೂರಕ್ಕೆ ಬರುತ್ತಾನೆ ಎಂದು ತಿಳಿಯಬೇಕು. ಯಾಕೋ ತಡ ಎಂದು ಕೇಳಿದರೆ, “ಬಸ್ ಸ್ಟ್ಯಾಂಡಿನ್ಯಾಗ ಒಬ್ಬರ ಮ್ಯಾಲ ಸಂಶೆ ಬಂದಿತ್ರಿ ಮಾಮಾ” ಎನ್ನುತ್ತಾನೆ. ಯಾವುದೋ ಮುದುಕರು ಬೆಂಚಿನ ಮೇಲೆ ಕುಳಿತು ಆಕಾಶ ನೋಡುತ್ತಿದ್ದರಂತೆ. ಬಸ್ಸು ಕಾಯುವವರು ರಸ್ತೆ ನೋಡಬೇಕಲ್ಲವೇ? ಆಕಾಶ ನೋಡುವವರು ಯಾರು? ಮುಗಿಯಿತು, ಪತ್ತೆ ಹಚ್ಚಿದಂತೆಯೇ!

ಒಮ್ಮೆ ನಾನೇ ಕೆಣಕಿದೆ. “ಅಲ್ಲೋ, ಇಷ್ಟ ದೊಡ್ಡ ಮಂದಿ ಯಾಕ ಹಿಂಗ ಕದ್ದು ಓಡಿ ಬರಬೇಕು?”

“ಅವರಿಗಿರೂ ಕಾಟ ಏನ ಕಡಿಮಿ ಏನ್ರೀ ಮಾಮಾ? ಒಬ್ಬಾವ ಬಂದು ಮುನ್ನುಡಿ ಬರಕೊಡ್ರಿ ಅಂತಾನ. ಮತ್ತೊಬ್ಬಾವ ಅಧ್ಯಕ್ಷರಾಗ್ರಿ ಅಂತಾನ. ಬ್ಯಾಸಿಗ್ಯಾಗ ಶಾಲು ಹೊಚ್ಚತಾರ! ಸಕ್ಕರಿ ಕಾಯಿಲೆ ಇದ್ದವರಿಗೆ ಹಣ್ಣಿನ ಬುಟ್ಟಿ ಕೊಡತಾರ! ಎಷ್ಟ ದಿನ ತಡಕೊಂಡಾರು? ಒಂದಿನ ‘ತೀರಿಕೊಂಡರು’ ಅಂತ ಪೇಪರಿಗೆ ಹಾಕ್ಸಿ ಬಸ್ ಹತ್ತಿ ಬಿಡತಾರ.”

“ಹತ್ತಿದವರು ದಾಂಡೇಲಿಗೇ ಯಾಕ ಬರಬೇಕು?”

ಅವನು ನನ್ನನ್ನು ಮರುಕದಿಂದ ನೋಡಿದ. “ಜೀವಮಾನ ಎಲ್ಲಾ ಕಾಗದ ಮಾಡಿದವರು ನೀವು, ನೀವ ಕೇಳ್ತೀರಲ್ರೀ! ಮೀನು ಎಲ್ಲಿಗೆ ಹೋಗತೈತಿ? ನೀರಿಗೆ. ಬರಿಯೋ ಮನಷ್ಯಾ ಎಲ್ಲಿಗೆ ಹೋಗತಾನ? ಕಾಗದ ಇದ್ದಲ್ಲಿಗೆ. ಮ್ಯಾಲ ಅಡಗಾಕ ಜೋಯಿಡಾದ ಅಡವಿ ಐತಿ, ಕುಂದ್ರಾಕ ಕಾಳಿ ಹೊಳಿ ದಂಡಿ ಐತಿ. ಇನ್ನೇನ ಬೇಕ್ರೀ?”

ಪುರಾವೆ ಕೇಳಿದರೆ ಚೀಲ ತುಂಬ ಇಟ್ಟುಕೊಂಡಿದ್ದಾನೆ. ಸಾಹಿತಿ ‘ಹೋದ’ ಮೇಲೂ ವರ್ಷಕ್ಕೊಂದು ‘ಅಪ್ರಕಟಿತ ಬರಹಗಳು’ ಬರುತ್ತವಲ್ಲ, ಯಾರು ಬರೆಯುತ್ತಾರೆ? ಹಳೆಗನ್ನಡದ ಕವಿಗಳು ಯಾವಾಗ ಸತ್ತರೆಂದು ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರಲ್ಲ, ಯಾಕೆ? “ಸತ್ತಿದ್ದರ ಯಾರರ ಒಬ್ಬರು ನೋಡಿರತಿದ್ದರಲ್ರೀ! ಮಣ್ಣಿಗೆ ಹೋದವರೊಬ್ಬರೂ ಇಲ್ಲ ಅಂದ್ರ ಏನರ್ಥ?” ಇದಕ್ಕೆ ನಿಮ್ಮ ಹತ್ತಿರ ಉತ್ತರವಿದೆಯೇ?

ಒಳಗಿನಿಂದ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೂಗಿದಳು. “ತಮ್ಮಾ, ಅಷ್ಟ ಮಂದಿ ಇದ್ದರ ಒಬ್ಬರನ್ನರ ಊಟಕ್ಕ ಕರಕೊಂಡ ಬಾರೋ. ಮಳಿಗಾಲಕ್ಕ ಅಂತ ಹಪ್ಪಳ ಮಾಡಿಟ್ಟೇನಿ.”

ಅವನು ಅದನ್ನು ಆಹ್ವಾನವೆಂದೇ ತಿಳಿದ. ಮುಂದಿನ ವಾರ ದಾಂಡೇಲಿಯಿಂದ ಜೋಯಿಡಾಕ್ಕೆ ಹೋಗುವ ಬಸ್ಸಿನಲ್ಲಿ ಒಬ್ಬ ವೃದ್ಧರನ್ನು ಕಂಡ. ಬಿಳಿ ಗಡ್ಡ, ಹೆಗಲಿಗೆ ಬಟ್ಟೆಯ ಚೀಲ, ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಗುನುಗುತ್ತಿದ್ದರು. ಮಹಾಕಾವ್ಯ ಹುಟ್ಟುತ್ತಿದೆ ಎಂದು ಇವನು ಟಿಕೆಟ್ ತೆಗೆದು ಹಿಂದೆಯೇ ಕುಳಿತ. ಅವರು ಇಳಿದಲ್ಲಿ ಇಳಿದ. ಗದ್ದೆಯ ಬದುವಿನ ಮೇಲೆ ನಡೆದಲ್ಲಿ ನಡೆದ. ಕೊನೆಗೆ ಒಂದು ಅಂಗಳದಲ್ಲಿ ಅವರು ತಿರುಗಿ ನಿಂತಾಗ ಕಾಲಿಗೇ ಬಿದ್ದುಬಿಟ್ಟ! ಅವರಿಗೆ ಕನ್ನಡ ಅಷ್ಟಕ್ಕಷ್ಟೇ. ಮೊಮ್ಮಗಳ ನಾಮಕರಣಕ್ಕೆ ಬೀಗರನ್ನು ಕರೆದು ಮನೆಗೆ ಮರಳುತ್ತಿದ್ದವರು, ಯಾರ ಹೆಸರೂ ಬಿಟ್ಟುಹೋಗಿಲ್ಲವಲ್ಲ ಎಂದು ದಾರಿಯುದ್ದಕ್ಕೂ ಹೆಸರುಗಳನ್ನು ಜಪಿಸುತ್ತಿದ್ದರು. ಕಾಲಿಗೆ ಬಿದ್ದವನನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ಕೂರಿಸಿ ಅನ್ನ ಬಡಿಸಿದರು, ಪಕ್ಕದಲ್ಲೇ ಮೀನಿನ ಸಾರು ಬಂತು. ದಿನಾ ವಿಭೂತಿ ಹಚ್ಚುವ ನಮ್ಮವನು ಮಜ್ಜಿಗೆ ಅನ್ನ ಉಂಡು, ನಾಮಕರಣಕ್ಕೂ ಬರುವುದಾಗಿ ಮಾತು ಕೊಟ್ಟು ಎದ್ದು ಬಂದ.

“ಆತಲ್ಲಪಾ? ಕೊಂಕಣಿ ಮಾತಾಡೂ ರೈತ ಅಂತ ಗೊತ್ತಾತಿಲ್ಲೋ?” ಎಂದೆ, ಗೆದ್ದೆನೆಂಬ ಹುರುಪಿನಲ್ಲಿ.

ಅವನು ನಾಲಿಗೆ ಕಚ್ಚಿಕೊಂಡು ತಲೆದೂಗಿದ. “ಏನ್ ಮನಷ್ಯಾ ಅದಾರ್ರೀ ಮಾಮಾ! ಯಾರಿಗೂ ಗೊತ್ತಾಗಬಾರದಂತ ಈ ವಯಸ್ಸಿನ್ಯಾಗ ಕೊಂಕಣಿ ಕಲತಾರ!”

ಇಂಥವನೊಡನೆ ವಾದ ಮಾಡುವುದೇ? ಹೋಗಲಿ ಬಿಡಿ. ಆ ನಾಮಕರಣಕ್ಕೆ ಅವನು ನಿಜವಾಗಿಯೂ ಹೋದ. ಬೆಳ್ಳಿಯ ಗೆಜ್ಜೆ ಒಯ್ದ. ಇಂದಿಗೂ ಆ ಮನೆಯಿಂದ ಅವನಿಗೆ ಕೋಕಂ ಹುಳಿ ಬರುತ್ತದೆ, ಅದರಲ್ಲಿ ನಮಗೂ ಪಾಲು ಬರುತ್ತದೆ. ಸಂಶಯಪಟ್ಟವರ ಜೊತೆಗೆಲ್ಲ ನೆಂಟಸ್ತನ ಬೆಳೆಸಿಕೊಂಡು ಬರುವ ಪತ್ತೇದಾರನನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಇನ್ನು ನಮ್ಮೂರಿನದೇ ಬಡಾವಣೆ ಬಂಗೂರನಗರದ ಪ್ರಸಂಗ. ಅಲ್ಲಿ ಒಬ್ಬ ಹಿರಿಯ ಸಾಹಿತಿಯ ಪುಣ್ಯತಿಥಿ ಇಟ್ಟುಕೊಂಡಿದ್ದರು. ಮಕ್ಕಳಿಗೆ ನೋಟುಬುಕ್ಕು ಹಂಚಿದ ಪುಣ್ಯಕ್ಕೆ ಇವನೇ ಮುಖ್ಯ ಅತಿಥಿ. ಫೋಟೋಕ್ಕೆ ಹಾಕಲು ಕೈಗೆ ಸೇವಂತಿಗೆ ಹಾರ ಕೊಟ್ಟರು. ಇವನು ಫೋಟೋದ ಎದುರು ಕಂಬದಂತೆ ನಿಂತ. ನಾನು ಮುಂದಿನ ಸಾಲಿನಲ್ಲಿ ಕುಳಿತು ಬೆವರುತ್ತಿದ್ದೆ.

“ಹಾಕ್ರಿ ಸಾಹುಕಾರ್ರ” ಎಂದರು ಸಂಘಟಕರು.

“ಆಗೂದಿಲ್ರೀ. ಇದ್ದವರ ಫೋಟೋಕ್ಕ ಹಾರಾ ಹಾಕಬಾರದು. ನಾಳೆ ಅವರು ಈ ಹಾದಿಗೆ ಬಂದು ನೋಡಿದರ ಏನ ಅಂದಕೊಂಡಾರು?”

ಇವನು ಕೆಳಗಿಳಿದು ಬಂದು ಸಭೆಯ ಮೇಲೆಲ್ಲ ಕಣ್ಣಾಡಿಸಿದ. ಮುಂಡಗೋಡ ತಾಲೂಕಿನ ಇಂದೂರದಿಂದ ಬಂದಿದ್ದ ಒಬ್ಬ ರೈತ ಕವಿಗಳು ಮೂಲೆಯಲ್ಲಿ ಕುಳಿತಿದ್ದರು. ಎಲ್ಲ ಸಭೆಗಳಿಗೂ ಬರುತ್ತಾರೆ, ಕವಿತೆ ಕಿಸೆಯಲ್ಲೇ ಇರುತ್ತದೆ, ಓದಿರಿ ಎಂದು ಯಾರೂ ಅನ್ನುವುದಿಲ್ಲ. ಇವನು ಹಾರವನ್ನು ಅವರ ಕೊರಳಿಗೆ ಹಾಕಿಬಿಟ್ಟ! ಪಾಪ, ಅವರ ಕಣ್ಣಲ್ಲಿ ನೀರು. ಮೊದಲು ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು. ಕವಿಗಳು ಎದ್ದು ಕಿಸೆಗೆ ಕೈ ಹಾಕಿದರು. ಆ ಸಭೆ ಮುಗಿಯುವ ಹೊತ್ತಿಗೆ ನನ್ನ ಊಟದ ಭೋಂಗಾ ಕೂಗಿ ಎಷ್ಟೋ ಹೊತ್ತಾಗಿತ್ತು!

ಅಂದು ಹೊಟ್ಟೆ ಹಸಿದು ಸಿಟ್ಟು ಬಂದಿದ್ದರೂ ದಾರಿಯಲ್ಲಿ ಅವನ ಹೆಗಲ ಮೇಲೆ ಕೈ ಹಾಕಿಕೊಂಡೇ ನಡೆದೆ. ಅವನ ಅಂಗಡಿಗೆ ಬರುವ ಹುಡುಗರಿಗೂ ಅವನದು ಒಂದೇ ಎಚ್ಚರಿಕೆ: “ನಿಮ್ಮ ಪುಸ್ತಕದಾಗಿನ ಪದ್ಯಾ ಬರದ ಕವಿಗಳು ಬಸ್ ಸ್ಟ್ಯಾಂಡಿನ್ಯಾಗ ಕುಂತಿರತಾರ. ಹಿಡದು ಕೇಳಿದರ ಏನ ಹೇಳ್ತೀರಿ?” ಹಲಿಯಾಳದ ಮಕ್ಕಳು ಬಸ್ಸಿನಿಂದ ಇಳಿಯುವಾಗ ಬಾಯಲ್ಲಿ ಪದ್ಯ ಗುನುಗುತ್ತಲೇ ಇಳಿಯುತ್ತಾರೆ, ಬೇಕಾದರೆ ನೀವೇ ನೋಡಿ. ಎಷ್ಟು ಜನ ಮೇಷ್ಟರಿಗೆ ಇದು ಸಾಧ್ಯವಾಗಿದೆ?

ಈಗ ಷರತ್ತಿನ ವಿಷಯಕ್ಕೆ ಬರುತ್ತೇನೆ. ಹೋದ ರವಿವಾರ ಅವನು ಬಂದಾಗ ನಾನು ಆಸ್ಪತ್ರೆಗೆ ಹೊರಡುವ ತಯಾರಿಯನ್ನೆಲ್ಲ ಮುಗಿಸಿದ್ದೆ. ಎಕ್ಸ್‌ರೇಗಳನ್ನು ಕ್ರಮವಾಗಿ ಜೋಡಿಸಿದ್ದೆ. ಗ್ಯಾಸ್ ಸಿಲಿಂಡರಿಗೆ ಹೇಳಿದ್ದೆ. ಬೀಗದ ಕೈಗಳಿಗೆಲ್ಲ ಚೀಟಿ ಕಟ್ಟಿ, ಯಾವುದು ಯಾವುದರದೆಂದು ಹೆಂಡತಿಗೆ ತಿಳಿಸಿದ್ದೆ. ಅವಳು ಕೇಳಿಸಿಕೊಂಡು ಒಳಗೆ ಹೋಗಿದ್ದಳು, ಹೊರಗೆ ಬಂದಿರಲಿಲ್ಲ. ಕಂಪೌಂಡ್ ಗೋಡೆಗೆ ಸುಣ್ಣ ಹಚ್ಚುವುದೊಂದು ಉಳಿದಿತ್ತು, ಅದನ್ನೂ ನಾನೇ ನಿಧಾನವಾಗಿ ಹಚ್ಚುತ್ತಿದ್ದೆ. ಕೊನೆಯ ಒಂದು ಮಾರು ಬಾಕಿಯಿತ್ತು.

ಅವನು ಮನೆಯನ್ನೆಲ್ಲ ಒಂದು ಸುತ್ತು ಹಾಕಿ ಬಂದು ನನ್ನ ಎದುರು ನಿಂತ.

“ಇದೇನ್ರೀ ಮಾಮಾ? ಹಿಂಗ ಎಲ್ಲಾ ಮುಗಿಸಿ ಹೋಗತಾರೇನ್ರೀ ಯಾರರ?”

“ಮುಗಿಸದ ಹೋಗೂದು ಹೆಂಗೋ? ಶಿಸ್ತು ಬ್ಯಾಡೇನು?”

ಆಗ ಸಿದ್ಧಾಂತದ ಗುಟ್ಟನ್ನು ಬಿಟ್ಟುಕೊಟ್ಟ. ಬರೆದವರೆಲ್ಲ ಬದುಕುವುದಿಲ್ಲವಂತೆ. ಒಂದನ್ನಾದರೂ ಅರ್ಧಕ್ಕೆ ಬಿಟ್ಟವರು ಮಾತ್ರ ಬದುಕುತ್ತಾರಂತೆ. “ಯಮನೂ ಒಬ್ಬ ಓದುಗನ ಅಲ್ಲೇನ್ರೀ? ಮುಂದ ಏನಾತು ಅಂತ ಅವಂಗೂ ತಿಳೀಬೇಕಲ್ಲ? ಅರ್ಧಾ ಬಿಟ್ಟವರನ್ನ ಅವ ಮುಟ್ಟೂದಿಲ್ಲ. ಎಲ್ಲಾ ಮುಗಿಸಿ ಕೈ ತೊಳಕೊಂಡು ಕುಂತವರನ್ನ ನೋಡಿದರ, ‘ಬಾರಪಾ, ನಿನ್ನ ಕೆಲಸ ಆತು’ ಅಂತಾನ. ನೀವು ಏನರ ಬರೀರಿ. ಮುಗಿಸಬ್ಯಾಡ್ರಿ.”

“ನನಗೇನ ಬರಿಯಾಕ ಬರತೈತೋ?”

“ನನ್ನ ಬಗ್ಗೆನ ಬರೀರಿ. ಹೆಂಗೂ ನನ್ನ ಬಯ್ಯೂದು ನಿಮಗ ಬಾಯಿಪಾಠ ಐತಿ!”

ಒಳಗಿನಿಂದ ಹೆಂಡತಿಯ ದನಿ ಬಂತು. “ಬರೀರಿ. ಅಂವ ಹೇಳೂದರಾಗ ನಮ್ಮದೇನ ಹೋಗತೈತಿ?” ಆ ದನಿ ನಡುಗುತ್ತಿತ್ತು. ಅದಕ್ಕೇ ಒಪ್ಪಿದೆ. ಅವನು ಕಟ್ಟು ಕಾಗದ ಇಟ್ಟು, ಹೋಗುವಾಗ ನನ್ನ ಸುಣ್ಣದ ಕುಂಚವನ್ನು ಹಲಿಯಾಳಕ್ಕೆ ಒಯ್ದುಬಿಟ್ಟ. ವಾರವಿಡೀ ಆ ಒಂದು ಮಾರು ಗೋಡೆ ನನ್ನನ್ನು ಅಣಕಿಸುತ್ತ ನಿಂತಿದೆ.

ಇಂದು ರವಿವಾರ. ಬೆಳಗಿನ ಹೊತ್ತು ಇಷ್ಟೆಲ್ಲ ಬರೆದು ಕೊನೆಗೆ ಬಂದಿದ್ದೆ. ಹನ್ನೊಂದರ ಬಸ್ಸಿಗೆ ಬರುತ್ತೇನೆ ಎಂದಿದ್ದವನು ಹನ್ನೊಂದಕ್ಕೇ ಬಂದ. ಜೀವಮಾನದಲ್ಲಿ ಮೊದಲ ಸಲ! ಬಾಗಿಲಲ್ಲಿ ಅವನನ್ನು ಕಂಡು ನನಗೆ ಡಾಕ್ಟರ ಮಾತು ಕೇಳಿದಾಗಲೂ ಆಗದ ಹೆದರಿಕೆ ಆಯಿತು.

ನಿಂತೇ ಓದಿದ. ಜೋಯಿಡಾದ ಪ್ರಸಂಗಕ್ಕೆ ನಕ್ಕ. “ಮಜ್ಜಿಗಿ ಅಲ್ರೀ, ಕೋಕಂ ಹಾಕಿದ ಸೋಲ್‌ಕಢಿ ಅದು” ಎಂದು ತಿದ್ದಿದ. ಕೊನೆಯ ಹಾಳೆಗೆ ಬಂದಾಗ ನಗು ನಿಂತಿತು.

“ಮುಗಿಸಾಕ ಬಂದೀರಲ್ರೀ ಮಾಮಾ.”

“ಒಂದ ಸಾಲು ಉಳದೈತಿ. ನಿನ್ನ ಬಗ್ಗೆ. ಇಷ್ಟ ವರ್ಷ ಹೇಳಬೇಕಂತ ಹೇಳದ ಇದ್ದದ್ದು. ಈಗ ಬರದ ಬಿಡ್ತೇನಿ.”

“ಬ್ಯಾಡ್ರಿ.”

“ಒಂದ ಸಾಲೋ!”

“ಬ್ಯಾಡಂದೆ ಅಲ್ರೀ!” ಎಂದೂ ನನಗೆ ದನಿ ಏರಿಸದವನು ಏರಿಸಿದ. ನನ್ನ ಕೈಯಿಂದ ಪೆನ್ನು ತೆಗೆದುಕೊಂಡ. ಅದರ ಟೋಪಿಯನ್ನೂ ಹಾಕಲಿಲ್ಲ. ಹಾಗೆಯೇ ಕಿಸೆಗೆ ಹಾಕಿಕೊಂಡ. ಬಿಳಿ ಅಂಗಿಯ ಮೇಲೆ ಮಸಿ ಹರಡಿತು. “ಬಂದ ಮ್ಯಾಲ ಬರೀರಿ” ಎಂದು ಹೊರಗೆ ಹೋದ.

ಈಗ ಅವನು ಕಟ್ಟೆಯ ಮೇಲೆ ಕುಳಿತು ಆ ಒಂದು ಮಾರು ಗೋಡೆಯನ್ನು ಕಾಯುತ್ತಿದ್ದಾನೆ. ಅವನು ಬಂದ ನಂತರದ ಇವಿಷ್ಟನ್ನು ನಾನು ಹೆಂಡತಿಯ ಕಿರಾಣಿ ಚೀಟಿಯ ಪೆನ್ಸಿಲಿನಿಂದ ಬರೆದಿದ್ದೇನೆ, ಅವನಿಗೆ ಗೊತ್ತಿಲ್ಲ. ಹಾಳೆಯಲ್ಲಿ ಇನ್ನೂ ಜಾಗವಿದೆ. ಆ ಸಾಲು ನಾಲಿಗೆಯ ತುದಿಯಲ್ಲೇ ಇದೆ. ಬರೆದುಬಿಡಬಹುದು.

ಬರೆಯುವುದಿಲ್ಲ.